ತಣ್ಣನೆಯ ಇಂಜಿನ್ನಿಗೆ ಕಿವಿಗೊಡುವ ಮುಕ್ತಿಯಾರ್

ಬೆಳಗಿನ ಐದೂಮುಕ್ಕಾಲು. ಕೈಲಾಂಚದ ಡೈರಿಯ ಮುಂದೆ ಹಾಲಿನ ಕ್ಯಾನುಗಳ ಸಾಲು ಇನ್ನೂ ಕರಗಿಲ್ಲ. ರಸ್ತೆಯಾಚೆಯ ಹಿಪ್ಪುನೇರಳೆ ತೋಟದಲ್ಲಿ ಹೆಂಗಸರು ಆಗಲೇ ಸೊಪ್ಪಿಗೆ ಇಳಿದಿದ್ದಾರೆ. ಈಚೆ ಚೈತ್ರಾ ಅವರ ಮನೆಯಂಗಳದಲ್ಲಿ ಬಿಳಿ ಬಣ್ಣದ ಹಳೆಯ ಎಸ್‌ಯುವಿಯೊಂದು ನಿಂತಿದೆ. ಮುಕ್ತಿಯಾರ್ ಅದರ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಮಗುವಿನ ಜ್ವರ ನೋಡುವವರಂತೆ ಬಿಸಿ ಅಳೆಯುತ್ತಾರೆ. ಆಮೇಲೆ ಕೈ ತೆಗೆದು, ಗಾಡಿ ತಂದ ಮುನಿಕೃಷ್ಣ ಅವರ ಕಡೆ ತಿರುಗುತ್ತಾರೆ.

"ಬೆಚ್ಚಗೈತಲ್ಲಣ್ಣ. ನೆನ್ನೆ ಸಾಯಂಕಾಲನೇ ತಂದು ಇಲ್ಲಿ ನಿಲ್ಸಿ ಅಂದಿದ್ನಲ್ಲ?"

ಮುನಿಕೃಷ್ಣ ಬಿಡದಿ ಕಡೆಯವರು. ಹಳೆಯ ಗಾಡಿಗಳನ್ನು ಕೊಂಡು ಮಾರುವುದು ಅವರ ಕಸುಬು. "ಬಿಡದಿಯಿಂದ ಓಡಿಸ್ಕೊಂಡು ಬಂದಿವ್ನಿ, ಬೆಚ್ಚಗಾಗ್ದೆ ಐಸ್ ಆಗಿರ್ತದಾ? ಒಂದ್ ಸಲ ಸ್ಟಾರ್ಟ್ ಮಾಡಿ, ಕೀ ಮುಟ್ಟಿದ್ರೆ ಸಾಕು ಎದ್ಬುಡ್ತದೆ."

"ಬಿಸಿ ಇಂಜಿನ್ ಸುಳ್ ಹೇಳ್ತದೆ ಕಣಣ್ಣ. ತಣ್ಣಗಿರೋದು ಹೇಳಾಕಿಲ್ಲ. ಆರ್ಲಿ, ಕಾಯಾಣ."

"ಎಷ್ಟೊತ್ತು?"

"ಮೂರ್ ಗಂಟೆ. ಒಸಿ ಹೆಚ್ಚೂ ಆಗ್ಬೋದು."

ಮುನಿಕೃಷ್ಣ ಹಣೆ ಚಚ್ಚಿಕೊಳ್ಳುತ್ತಾರೆ. ಹತ್ತು ಗಂಟೆಗೆ ಕುಣಿಗಲ್ಲಿನ ಪಾರ್ಟಿಯೊಂದು ಇದೇ ಗಾಡಿ ನೋಡಲು ಬರಲಿದೆ. ದುಡ್ಡು ಕೈಯಲ್ಲಿ ಹಿಡಿದೇ ಬರುತ್ತಾರಂತೆ. ಗಾಡಿ ಕೊಳ್ಳಲು ನಿಂತಿರುವ ಚೈತ್ರಾ ಗಡಿಯಾರ ನೋಡಿಕೊಳ್ಳುತ್ತಾರೆ. ಖಾಸಗಿ ಶಾಲೆಯೊಂದರಲ್ಲಿ ಅವರು ದೈಹಿಕ ಶಿಕ್ಷಣದ ಟೀಚರ್. ಒಂಬತ್ತಕ್ಕೆ ಪ್ರಾರ್ಥನೆಯ ಹೊತ್ತಿಗೆ ಅಲ್ಲಿರಬೇಕು. ಕಾಯೋಣ ಎಂದ ಮುಕ್ತಿಯಾರ್ ಅವರಿಗೋ, ಕಾಯುವುದು ಮೂವರಲ್ಲಿ ಎಲ್ಲರಿಗಿಂತ ಕಡಿಮೆ ಗೊತ್ತು. ಚೈತ್ರಾ ಅವರ ತಾಯಿ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಜಗಲಿಯ ಮೇಲಿಟ್ಟು ಮರೆಯುತ್ತಾರೆ. ಗಾಡಿಯನ್ನು ಎಡದಿಂದ ಒಂದು ಸುತ್ತು ಸುತ್ತಿ, ಬಲದಿಂದ ಇನ್ನೊಂದು ಸುತ್ತು ಬರುತ್ತಾರೆ. ಕೂರಲು ಹಾಕಿದ ಕುರ್ಚಿ ಹಾಗೇ ಖಾಲಿ.

ರಾಮನಗರದ ಮಾಗಡಿ ರಸ್ತೆಯಲ್ಲಿ ತಗಡಿನ ಚಾವಣಿಯ ಪುಟ್ಟ ಗ್ಯಾರೇಜು ನಡೆಸುವ ಮುಕ್ತಿಯಾರ್ ಅವರಿಗೆ ಈಗ ಐವತ್ಮೂರು. ಹಳೆಯ ಡೀಸೆಲ್ ಗಾಡಿಗಳ ರಿಪೇರಿ ಒಂದು ಕೆಲಸವಾದರೆ, ಜನ ಅಂಥ ಗಾಡಿ ಕೊಳ್ಳುವ ಮುಂಚೆ ಅದನ್ನು ತಪಾಸಣೆ ಮಾಡಿ ಹೇಳುವುದು ಇನ್ನೊಂದು. ಊರೊಳಗಾದರೆ ಐನೂರು ರೂಪಾಯಿ, ಹೊರಗಾದರೆ ಎಂಟುನೂರು. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟರೆ, ಬಿಸಿಲೇರುವ ಮೊದಲು ಒಂದು ಗಾಡಿ, ಕೆಲವು ದಿನ ಎರಡು. ಕನಕಪುರ, ಚನ್ನಪಟ್ಟಣ, ಮಾಗಡಿ ಎಂದು ಸ್ಕೂಟರು ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಸುತ್ತುತ್ತದೆ. ವರ್ಷಕ್ಕೆ ನಾನೂರು ಗಾಡಿಗಳಾದರೂ ಅವರ ಕೈಕೆಳಗೆ ಹಾಯುತ್ತವೆ. "ತಗೊಳಿ ಅಂತ ನಾನ್ ಹೇಳೋದು ನಾಕರಲ್ಲಿ ಒಂದು. ಬ್ಯಾಡ ಅಂದಿದ್ದಕ್ಕೂ ಅಷ್ಟೇ ಫೀಸು" ಎನ್ನುತ್ತಾರೆ.

ಬೇಡ ಎನ್ನುವುದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. ಹಳೆ ಗಾಡಿ ಮಾರುವವರ ಬಾಯಲ್ಲಿ ಅವರ ಅಡ್ಡಹೆಸರು 'ಕಲ್ಲು ಹಾಕೋ ಮುಕ್ತಿಯಾರ್'. ಒಮ್ಮೆ ಚನ್ನಪಟ್ಟಣದಲ್ಲಿ ಗಾಡಿ ನೋಡಿ ಹೊರಬರುವಷ್ಟರಲ್ಲಿ ಸ್ಕೂಟರಿನ ಎರಡೂ ಚಕ್ರಗಳ ಗಾಳಿ ಹೋಗಿತ್ತು. ಐದು ಕಿಲೋಮೀಟರ್ ತಳ್ಳಿಕೊಂಡು ಬಂದರು. ತಳ್ಳುವಾಗಲೂ ಹಾದುಹೋಗುವ ಲಾರಿಗಳ ಸದ್ದಿನಲ್ಲಿ ಯಾವುದರ ಬೇರಿಂಗ್ ಹೋಗಿದೆ ಎಂದು ಎಣಿಸುತ್ತ ಬಂದೆ ಎಂದು ಈಗ ನಗುತ್ತಾರೆ.

ಕಿವಿ ತಂದೆಯಿಂದ ಬಂದದ್ದು. ತಂದೆ ಶುಕೂರ್ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಬಿಸಿನೀರಿನ ತೊಟ್ಟಿಯಲ್ಲಿ ಕುದಿಯುವ ಗೂಡುಗಳ ಮುಂದೆ ರಾಟೆಗೆ ಬೆನ್ನು ಮಾಡಿ ಕುಳಿತರೂ, ಅದು ಸುತ್ತುವ ಸದ್ದು ಕೂದಲೆಳೆಯಷ್ಟು ಬದಲಾದರೆ ಎಳೆ ಕಡಿಯಿತೆಂದು ತಿರುಗುತ್ತಿದ್ದರಂತೆ. ಮಗನನ್ನೂ ಅದೇ ತೊಟ್ಟಿಯ ಮುಂದೆ ಕೂರಿಸಿದರು. ಆದರೆ ಕೂರುವುದೇ ಕಷ್ಟವಾದ ಹುಡುಗ ಹದಿಮೂರಕ್ಕೆ ಎದ್ದುಹೋಗಿ ಲಾರಿ ಗ್ಯಾರೇಜು ಸೇರಿಕೊಂಡ. "ನಮ್ಮಮ್ಮ ಗುಲ್ಜಾರ್ ಬೀ ಹೇಳೋರು, ಇವನ ಕಾಲಲ್ಲಿ ಚಕ್ರ ಐತೆ, ಇವನಿಗೆ ಚಕ್ರದ ಕೆಲ್ಸನೇ ಸರಿ ಅಂತ." ಲಾರಿಗಳ ಏರ್‌ಹಾರನ್ನಿಗೆ ಎಡಗಿವಿ ಅರ್ಧ ಮಂದವಾಯಿತು. ಈಗಿರುವುದೆಲ್ಲ ಬಲಗಿವಿ, ಅದಕ್ಕೊಂದು ಎರಡಡಿ ಉದ್ದದ ಸ್ಕ್ರೂಡ್ರೈವರ್. ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿ ಹಿಡಿಯನ್ನು ಕಿವಿಗೊತ್ತಿದರೆ ಒಳಗಿನ ಸಂಕಟವೆಲ್ಲ ಕೇಳಿಸುತ್ತದೆ.

ಇಂಜಿನ್ ಆರುವವರೆಗೆ ಮುಕ್ತಿಯಾರ್ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರುತ್ತಾರೆ. ಹೊರಬರುವಾಗ ಶರಟಿನ ಬೆನ್ನೆಲ್ಲ ಮಣ್ಣು. ಚಾಲಕನ ಬಾಗಿಲು ತೆಗೆದು ಚೈತ್ರಾ ಅವರನ್ನು ಕರೆಯುತ್ತಾರೆ. "ಮೀಟ್ರು ಎಂಬತ್ನಾಕ್ ಸಾವಿರ ತೋರಿಸ್ತೈತೆ ಮೇಡಂ. ಈ ಕ್ಲಚ್ ಪೆಡ್ಲು ನೋಡಿ, ರಬ್ಬರ್ ಸವೆದು ತಗಡು ಕಾಣ್ತೈತೆ. ಎಂಬತ್ನಾಕಕ್ಕೆ ಇಷ್ಟ್ ಸವೆಯಾಕಿಲ್ಲ. ಲಕ್ಷದ ಎಪ್ಪತ್ತು ಸಾವಿರ ದಾಟೈತೆ."

"ನಾನ್ ಹರಾಜಲ್ಲಿ ತಂದಿದ್ದು, ಮೀಟ್ರು ಮುಟ್ಟಿಲ್ಲ!" ಮುನಿಕೃಷ್ಣ ದನಿಯೇರಿಸುತ್ತಾರೆ.

"ನೀವ್ ಮುಟ್ಟಿದ್ರಿ ಅಂತ ಅಂದ್ನಾ? ಗಾಡಿ ಎಷ್ಟ್ ಓಡೈತೆ ಅಂದೆ, ಅಷ್ಟೇಯ."

ಏಳೂಕಾಲಿಗೆ ಜಾಕ್ ಹೊರಬರುತ್ತದೆ. ಮುಕ್ತಿಯಾರ್ ಒಂದೊಂದೇ ಚಕ್ರ ಬಿಚ್ಚುತ್ತಾರೆ. ಎರಡಾದ ಮೇಲೆ ಮುನಿಕೃಷ್ಣ ಅವರ ಸಹನೆಯ ಕಟ್ಟೆಯೊಡೆಯುತ್ತದೆ. "ಏನ್ರೀ ಇದು, ಮದ್ವೆ ಹೆಣ್ಣನ್ನೂ ಹಿಂಗ್ ನೋಡಾಕಿಲ್ಲ. ಬ್ರೇಕ್ ಹಿಡೀತದೆ, ಓಡಿಸಿ ನೋಡ್ರಿ ಸಾಕು." ಮುಕ್ತಿಯಾರ್ ಮೂರನೆಯ ಚಕ್ರದ ನಟ್ಟಿಗೆ ಪಾನಾ ಹಾಕುತ್ತಾರೆ.

ಅವರು ನಾಲ್ಕೂ ಚಕ್ರ ಬಿಚ್ಚಲು ಕಾರಣವಿದೆ. ಹನ್ನೊಂದು ವರ್ಷದ ಹಿಂದೆ ಚನ್ನಪಟ್ಟಣದ ಅಕ್ರಮ್ ಎಂಬವರು ಇವರ ಮಾತಿನ ಮೇಲೆ ಹಳೆಯ ಜೀಪೊಂದನ್ನು ಕೊಂಡರು. ಅಕ್ರಮ್ ತಿರುಗಣೆ ಯಂತ್ರದಲ್ಲಿ ಮರದ ಆಟಿಕೆ ಕಡೆಯುವ ಕುಶಲಕರ್ಮಿ. ಅಂದು ಮುಕ್ತಿಯಾರ್‌ಗೆ ಇನ್ನೊಂದು ಗಾಡಿ ನೋಡುವ ಅವಸರ. ಸಪಾಟು ರಸ್ತೆಯಲ್ಲಿ ಎರಡು ಸಲ ಬ್ರೇಕ್ ಒತ್ತಿ, "ಸರಿಯಾಗೈತೆ, ತಗೊಳಿ" ಎಂದರು. ಚಕ್ರದ ಹಿಂದೆ ಬ್ರೇಕ್ ಎಣ್ಣೆಯ ರಬ್ಬರ್ ಪೈಪು ಬಿರುಕು ಬಿಟ್ಟಿದ್ದನ್ನು ನೋಡಲಿಲ್ಲ. ಇಪ್ಪತ್ತು ದಿನಕ್ಕೆ ಕನಕಪುರ ದಾರಿಯ ಇಳಿಜಾರಿನಲ್ಲಿ ಪೈಪು ಒಡೆದು, ಜೀಪು ಹುಣಸೆಮರಕ್ಕೆ ಗುದ್ದಿತು. ಅಕ್ರಮ್ ಅವರ ಬಲ ಮಣಿಕಟ್ಟು ಮುರಿಯಿತು. ಉಳಿ ಹಿಡಿಯುವ ಕೈ ಅದು.

"ಆಸ್ಪತ್ರೆಗೆ ಹೋದೆ. ಹೆಂಗ್ ಮುಖ ತೋರ್ಸದು ಅಂತ ಬಾಗ್ಲಲ್ಲೇ ನಿಂತಿದ್ದೆ. ಅವರು ಒಳಗ್ ಕರ್ದು, ಟೀ ಕುಡ್ದಾ ಮುಕ್ತಿಯಾರ್ ಅಂದ್ರು. ಬೈಲಿಲ್ಲ. ಇವತ್ಗೂ ಬೈದಿಲ್ಲ. ಬೈದುಬುಟ್ಟಿದ್ರೆ ಅದು ಆವತ್ತೇ ಮುಗ್ದೋಗ್ತಿತ್ತು." ಎಂಟು ತಿಂಗಳು ಅಕ್ರಮ್ ಅವರಿಗೆ ಉಳಿ ಹಿಡಿಯಲಾಗಲಿಲ್ಲ. ಅಷ್ಟೂ ದಿನ ಮುಕ್ತಿಯಾರ್ ಪ್ರತಿ ಭಾನುವಾರ ಹೋಗಿ, ಅವರ ತಿರುಗಣೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಮರದ ತುಂಡುಗಳನ್ನು ಅಳತೆಗೆ ಕೊಯ್ದುಕೊಟ್ಟು ಬಂದರು. ಅಂದಿನಿಂದ ಮುಕ್ತಿಯಾರ್ ಅವರ ಕೈಗೆ ಅವಸರ ಇಳಿಯುವುದಿಲ್ಲ. ಅದೆಲ್ಲ ಕಾಲಿಗೆ ಇಳಿದಿದೆ. ಗಾಡಿಯ ಬಗ್ಗೆ ಮಾತು ಕೊಡುವವರೆಗೆ ಅವರು ಹೀಗೆ ಸುತ್ತುತ್ತಲೇ ಇರುತ್ತಾರೆ.

ಚೈತ್ರಾ ಅವರಿಗೂ ಸುಮ್ಮನೆ ಗಾಡಿ ಬೇಕಾಗಿಲ್ಲ. ಸುತ್ತಲ ಹಳ್ಳಿಗಳ ಎಂಟು ಹುಡುಗಿಯರನ್ನು ಕಟ್ಟಿಕೊಂಡು ಅವರು ನಾಲ್ಕು ವರ್ಷದಿಂದ ಕಬಡ್ಡಿ ತಂಡ ಬೆಳೆಸಿದ್ದಾರೆ. ಫೆಬ್ರುವರಿಯಲ್ಲಿ ಕನಕಪುರದ ಟೂರ್ನಿಯಲ್ಲಿ ಹುಡುಗಿಯರು ಫೈನಲ್ಲಿಗೆ ಬಂದರು. ಆಟ ತಡವಾಗುತ್ತ ಹೋಯಿತು. ಕೊನೆಯ ಬಸ್ಸು ತಪ್ಪಿದರೆ ಮನೆಯವರು ಇನ್ನೆಂದೂ ಕಳಿಸುವುದಿಲ್ಲ. ಫೈನಲ್ ಆಡದೆ ಎದುರು ತಂಡಕ್ಕೆ ಕಪ್ ಬಿಟ್ಟುಕೊಟ್ಟು, ಎಂಟೂ ಜನ ಬಸ್ ಸ್ಟ್ಯಾಂಡಿಗೆ ಓಡಿದರು. "ಬಸ್ಸಲ್ಲಿ ಒಬ್ಬಳೂ ಮಾತಾಡ್ಲಿಲ್ಲ ಸಾರ್. ಸೋತಿದ್ರೆ ಅಳೋರು. ಅಳೋಕೂ ಇಲ್ಲ, ನಗೋಕೂ ಇಲ್ಲ" ಎಂದು ಚೈತ್ರಾ ಮುಕ್ತಿಯಾರ್‌ಗೆ ಫೋನಿನಲ್ಲಿ ಹೇಳಿದ್ದರು. ಅದಾದ ಮೇಲೆ ಅವರು ಡ್ರೈವಿಂಗ್ ಕಲಿತರು. ಉಳಿಸಿದ್ದು ನಾಲ್ಕು ಲಕ್ಷ. ಗಾಡಿ, ರಿಪೇರಿ, ಇನ್ಶೂರೆನ್ಸ್ ಎಲ್ಲ ಅದರೊಳಗೇ ಆಗಬೇಕು. ಒಂಬತ್ತು ಸೀಟಿನ ಈ ಹದಿಮೂರು ವರ್ಷದ ಗಾಡಿಗೆ ಮುನಿಕೃಷ್ಣ ಹೇಳಿರುವುದು ಮೂರು ಲಕ್ಷದ ಅರವತ್ತು ಸಾವಿರ.

ಎಂಟೂಮುಕ್ಕಾಲು. ಚೈತ್ರಾ ಶಾಲೆಗೆ ಫೋನು ಮಾಡಿ ಅರ್ಧ ದಿನದ ರಜೆ ಕೇಳಿದ್ದಾಗಿದೆ. ಬಾನೆಟ್ ಆರಿದೆ. ಮುಕ್ತಿಯಾರ್ ಎಲ್ಲರನ್ನೂ ದೂರ ನಿಲ್ಲಿಸಿ, "ಈಗ ಮಾತಾಡ್ಬ್ಯಾಡಿ" ಎಂದು ಕೀ ತಿರುಗಿಸುತ್ತಾರೆ.

ಗಾಡಿ ಒಂದೇಟಿಗೆ ಏಳುವುದಿಲ್ಲ. ಕರಕರ ಎಂದು ಕೊಸರಾಡಿ, ಮೂರನೆಯ ಸಲ ಎದ್ದು, ಹಿಂದಿನಿಂದ ಕಪ್ಪು ಹೊಗೆ ಕಕ್ಕುತ್ತದೆ. ಮೊದಲ ಐದು ಸೆಕೆಂಡು ಇಂಜಿನ್ನಿನ ಮುಂಭಾಗದಲ್ಲಿ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು. ಮುಕ್ತಿಯಾರ್ ಕಣ್ಣು ಮುಚ್ಚುತ್ತಾರೆ. ಆ ಬೆಳಿಗ್ಗೆ ಮೊದಲ ಬಾರಿಗೆ ಅವರ ಕಾಲು ಒಂದೆಡೆ ನಿಂತಿದೆ. ಸ್ಕ್ರೂಡ್ರೈವರನ್ನು ಅಲ್ಲೊಂದು ಇಲ್ಲೊಂದು ಕಡೆ ಒತ್ತಿ ಆಲಿಸುತ್ತಾರೆ. ಎಣ್ಣೆ ಮುಚ್ಚಳ ತೆಗೆದು ಅಂಗೈ ಹಿಡಿಯುತ್ತಾರೆ. ಹೊಗೆ ಒದ್ದು ಬರುತ್ತಿಲ್ಲ. ಇಂಜಿನ್ನಿನ ಹೊಟ್ಟೆ ಗಟ್ಟಿಯಿದೆ. ಆಮೇಲೆ ಏರು, ಕಲ್ಲು ದಾರಿ ಎಂದು ಅರ್ಧ ಗಂಟೆ, ಬ್ರೇಕಿಗಿಂತ ಗೇರನ್ನೇ ನಂಬಿ ನಿಧಾನಕ್ಕೆ ಓಡಿಸಿ ತರುತ್ತಾರೆ.

ತಂದು ನಿಲ್ಲಿಸಿ ಹೇಳತೊಡಗಿದಾಗ ಮುನಿಕೃಷ್ಣ ಅವರೂ ಹತ್ತಿರ ಬಂದು ನಿಲ್ಲುತ್ತಾರೆ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಲ್ಕರಲ್ಲಿ ಎರಡು ಹೋಗಿವೆ. ಎರಡು ಹೊಸದು, ಇನ್ನೆರಡರ ಸರ್ವೀಸ್ ಸೇರಿ ಇಪ್ಪತ್ತೇಳು ಸಾವಿರ. ಕಲ್ಲು ಕುಲುಕುವ ಸದ್ದು ಟೈಮಿಂಗ್ ಚೈನಿನದು, ಅದು ಸಡಿಲಾಗಿದೆ, ಹದಿಮೂರು ಸಾವಿರ. ಏರಿನಲ್ಲಿ ಇಂಜಿನ್ ಕೂಗಿತೇ ಹೊರತು ಗಾಡಿ ಏರಲಿಲ್ಲ, ಕ್ಲಚ್ ಮುಗಿದಿದೆ, ಹದಿನೇಳೂವರೆ. ಮುಂಚಕ್ರ ಹಿಡಿದಿಡುವ ತೋಳು, ಬಾಲ್‌ಜಾಯಿಂಟು ಆಡುತ್ತಿವೆ, ಹದಿನಾಲ್ಕು. ಬ್ರೇಕಿನ ಡಿಸ್ಕು, ಪ್ಯಾಡು, ನಾಲ್ಕೂ ಪೈಪು, ಹನ್ನೊಂದೂವರೆ. ಎಣ್ಣೆ, ಫಿಲ್ಟರು, ಬೆಲ್ಟುಗಳಿಗೆ ಒಂಬತ್ತು. ಒಟ್ಟು ತೊಂಬತ್ತೆರಡು ಸಾವಿರ.

"ಅಂದ್ರೆ ಬೇಡ ಅಂತೀರಾ?" ಚೈತ್ರಾ ಅವರ ಮುಖ ಬಾಡುತ್ತದೆ.

"ಇಲ್ಲ ಮೇಡಂ. ಚಾಸಿ ತುಕ್ಕು ಹಿಡ್ದಿಲ್ಲ, ಎಲ್ಲೂ ಗುದ್ದಿಸ್ಕೊಂಡು ಬೆಸುಗೆ ಹಾಕಿಲ್ಲ. ಗೇರ್‌ಬಾಕ್ಸು ಬೆಣ್ಣೆ. ಇಂಜಿನ್ನು ಒಳಗೆ ಚೆನ್ನಾಗೈತೆ. ಹೋಗಿರೋದೆಲ್ಲ ಬದಲಾಯಿಸೋ ಸಾಮಾನು. ಈ ರೇಟ್ಗೆ ಬ್ಯಾಡ. ರೇಟ್ ಇಳಿದ್ರೆ ಬುಡಬ್ಯಾಡಿ."

ಮುನಿಕೃಷ್ಣ ಸಿಡಿಯುತ್ತಾರೆ. ಬಾಗಿಲು ಧಡಾರನೆ ಹಾಕಿ ಗಾಡಿಯೊಳಗೆ ಕೂತೇಬಿಡುತ್ತಾರೆ. "ಕುಣಿಗಲ್ಲೋರು ಹಿಂಗೆಲ್ಲ ಬಿಚ್ಚಿ ನೋಡಾಕಿಲ್ಲ. ಕಣ್ಮುಚ್ಕೊಂಡು ತಗೋತಾರೆ."

"ತಗೊಂಡು ಇಳಿಜಾರಲ್ಲಿ ಕಣ್ ಬುಡ್ತಾರೆ ಅಣ್ಣ," ಮುಕ್ತಿಯಾರ್ ಕಿಟಕಿಯ ಬಳಿ ಹೋಗಿ ದನಿ ತಗ್ಗಿಸುತ್ತಾರೆ. "ಎಡಗಡೆ ಮುಂಚಕ್ರದ ಬ್ರೇಕ್ ಪೈಪು ನೋಡ್ಬನ್ನಿ, ಬೆರಳಲ್ಲಿ ಮಡ್ಚಿ. ಬಿಡದಿಯಿಂದ ಅದ್ರಲ್ಲೇ ಬಂದಿದೀರ ನೀವು."

ಮುನಿಕೃಷ್ಣ ಇಳಿದು, ಚಕ್ರದ ಹಿಂದೆ ಕೈ ತೂರಿಸಿ ನೋಡುತ್ತಾರೆ. ಮಡಚಿದಲ್ಲೆಲ್ಲ ರಬ್ಬರು ಬಿರುಕು ಬಿಟ್ಟಿದೆ. ಎದ್ದವರೇ ಚೈತ್ರಾ ಅವರ ತಾಯಿಯನ್ನು ಒಂದು ಲೋಟ ನೀರು ಕೇಳಿ ಕುಡಿಯುತ್ತಾರೆ. "ಎರಡು ಎಂಬತ್ತು ಕೊಡಿ. ಇದನ್ ಮಾತ್ರ ಓಡಿಸ್ಕೊಂಡ್ ಹೋಗಾಕಿಲ್ಲ ನಾನು, ಬಸ್ಸಲ್ ಹೋಯ್ತೀನಿ."

ಇದು ನಡೆದದ್ದು ಕಳೆದ ಜೂನಿನಲ್ಲಿ. ಮರುದಿನ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ತಂದರು. ಹನ್ನೆರಡು ದಿನದ ಕೆಲಸ ಎಂದು ಹೇಳಿದ್ದು ಇಪ್ಪತ್ತಕ್ಕೆ ಹೋಯಿತು. ಇಂಜಿನ್ ಬೆಚ್ಚಗೆ ಮಾಡುವ ಬೆರಳುದ್ದದ ಗ್ಲೋಪ್ಲಗ್ಗೊಂದು, ಬಿಚ್ಚುವಾಗ ಇಂಜಿನ್ನಿನ ತಲೆಯೊಳಗೇ ಮುರಿದುಕೊಂಡಿತು. ಹಳೆಯ ಡೀಸೆಲ್ ಗಾಡಿಗಳಲ್ಲಿ ಹೀಗಾಗುವುದುಂಟು. ಆದರೆ ಮುಕ್ತಿಯಾರ್ ಅದನ್ನು ಲೆಕ್ಕದಲ್ಲಿ ಹಿಡಿದಿರಲಿಲ್ಲ. ತಲೆ ಇಳಿಸಿ ಬೆಂಗಳೂರಿನ ಲೇತ್‌ ಅಂಗಡಿಗೆ ಒಯ್ಯಬೇಕಾಯಿತು. ಹದಿನೈದು ಸಾವಿರದ ಆರುನೂರು ಹೆಚ್ಚಿನ ಖರ್ಚು. ಎರಡು ದಿನ ಅವರು ಚೈತ್ರಾ ಅವರ ಫೋನು ಎತ್ತಲಿಲ್ಲ. ಕೊನೆಗೆ ಮಗಳು ಸಾನಾ ಗದರಿದಳು. ಬಿಕಾಂ ಓದಿರುವ ಅವಳೇ ಗ್ಯಾರೇಜಿನ ಬಿಲ್ಲು ಬರೆಯುವುದು. "ಅಬ್ಬಾ, ಗಾಡಿ ಬಗ್ಗೆ ಎಲ್ರಿಗೂ ನಿಜ ಹೇಳ್ತೀಯ. ನಿನ್ ಬಗ್ಗೆ ಹೇಳೋಕೇನು?" ಎಂದಳು.

ಮುಕ್ತಿಯಾರ್ ಸ್ಕೂಟರ್ ಹತ್ತಿ ಕೈಲಾಂಚಕ್ಕೇ ಹೋದರು. "ನನ್ ಅಂದಾಜು ತಪ್ಪೋಯ್ತು ಮೇಡಂ. ತಲೆ ಇಳ್ಸಿದ ಕೂಲಿ ಆರ್ ಸಾವ್ರ ನಂಗ್ ಬ್ಯಾಡ. ಉಳಿದಿದ್ದು ಅಂಗಡಿಯೋರ್ಗೆ ಕೊಡ್ಲೇಬೇಕು" ಎಂದರು. ಚೈತ್ರಾ ಕೂಡಿಸಿ ನೋಡಿದರು. ಇನ್ಶೂರೆನ್ಸು, ಹೆಸರು ಬದಲಾವಣೆ ಎಲ್ಲ ಸೇರಿ ನಾಲ್ಕು ಲಕ್ಷಕ್ಕೆ ನಾನೂರು ರೂಪಾಯಿ ಉಳಿಯಿತು. "ಅದಕ್ಕೆ ಡೀಸೆಲ್ ಹಾಕ್ಸೋಣ ಬಿಡಿ" ಎಂದು ಅವರೇ ನಕ್ಕುಬಿಟ್ಟರು.

ಆಗಸ್ಟಿನಲ್ಲಿ ಮಾಗಡಿಯಲ್ಲಿ ಟೂರ್ನಿ. ಎಂಟು ಹುಡುಗಿಯರನ್ನು ತುಂಬಿಕೊಂಡು ಗಾಡಿ ಹೊರಟ ಬೆಳಿಗ್ಗೆ, ಮುಕ್ತಿಯಾರ್‌ಗೆ ಗ್ಯಾರೇಜಿನಲ್ಲಿ ಕೈಯಾಡಲಿಲ್ಲ. ಗಾಡಿ ತಮ್ಮ ಮುಂದೆಯೇ ಹಾದುಹೋದದ್ದನ್ನು ನೋಡಿದರು. ಪಾನಾ ಎತ್ತಿದರು, ಇಟ್ಟರು. "ಮಾಗಡೀಲಿ ಒಸಿ ಕೆಲ್ಸ ಐತೆ" ಎಂದು ಮಗಳಿಗೆ ಹೇಳಿ ಸ್ಕೂಟರ್ ಒದ್ದೇಬಿಟ್ಟರು. ಅಂಥ ಕೆಲಸ ಏನೂ ಇರಲಿಲ್ಲ. ನೂರಡಿ ಹಿಂದೆ ಉಳಿದು ಹೊಗೆಯ ಬಣ್ಣ ನೋಡುತ್ತ, ಪ್ರತಿ ಇಳಿಜಾರಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತುವುದನ್ನೂ ಗಾಡಿ ನಿಧಾನವಾಗುವುದನ್ನೂ ಅಳೆಯುತ್ತ ಹೋದರು.

ಅರ್ಧ ದಾರಿಯಲ್ಲಿ ಗಾಡಿಯ ಕೆಳಗಿನಿಂದ ಹನಿ ಹನಿಯಾಗಿ ಏನೋ ಸೋರುವುದು ಕಂಡಿತು. ಸ್ಕೂಟರನ್ನು ಬಿರುಸಾಗಿ ಓಡಿಸಿ, ಮುಂದೆ ಹೋಗಿ ಎರಡೂ ಕೈಯೆತ್ತಿ ಅಡ್ಡ ನಿಂತರು. ಚೈತ್ರಾ ಗಾಬರಿಯಲ್ಲಿ ಬ್ರೇಕ್ ಒತ್ತಿದರು. ಗಾಡಿ ನಾಲ್ಕು ಮಾರು ದೂರದಲ್ಲೇ ಗಟ್ಟಿಯಾಗಿ ನಿಂತಿತು. ಮುಕ್ತಿಯಾರ್ ರಸ್ತೆಯ ಮೇಲೆ ಬೆನ್ನು ಹಾಕಿ ಕೆಳಗೆ ತೂರಿದರು. ಹನಿಯನ್ನು ಬೆರಳಿಗೆ ಹಿಡಿದು ಉಜ್ಜಿದರು, ಮೂಸಿದರು. ಜಿಡ್ಡಿಲ್ಲ, ವಾಸನೆಯಿಲ್ಲ.

"ಏನಾಯ್ತು ಅಂಕಲ್?" ಎಂಟೂ ತಲೆಗಳು ಕಿಟಕಿಯಿಂದಾಚೆ ಬಂದಿದ್ದವು.

"ಏನಿಲ್ಲ ಕಣ್ರವ್ವ. ಏಸಿ ನೀರು." ಹುಡುಗಿಯರ ನಗು ಮಾಗಡಿಯವರೆಗೂ ನಿಲ್ಲಲಿಲ್ಲವಂತೆ.

ಅಂದಿನ ಫೈನಲ್ ಶುರುವಾದದ್ದೇ ಸಾಯಂಕಾಲ ಆರೂವರೆಗೆ. ಕೈಲಾಂಚದ ಹುಡುಗಿಯರು ಯಾವ ಬಸ್ಸಿನ ಕಡೆಯೂ ನೋಡಬೇಕಿರಲಿಲ್ಲ. ಕೊನೆಯ ಸೀಟಿಯವರೆಗೆ ಆಡಿ ಎರಡು ಅಂಕದಲ್ಲಿ ಸೋತರು. ಒಬ್ಬೊಬ್ಬಳೂ ಮನಸಾರೆ ಅತ್ತಳು. ಗಾಡಿಯೊಳಗೆ ಕೂತು ಮುಂದಿನ ಸಲ ಯಾರು ಎಲ್ಲಿ ನಿಲ್ಲಬೇಕೆಂದು ಜಗಳವಾಡಿದರು. ಡಿಸೆಂಬರಿನಲ್ಲಿ ಚನ್ನಪಟ್ಟಣದ ಕಪ್ ಅವರದಾಯಿತು. ಗಾಡಿ ಇಲ್ಲಿಯವರೆಗೆ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ. ನಡುವೆ ಏಸಿ ಕೈಕೊಟ್ಟಿತು. ಚೈತ್ರಾ ಅದನ್ನು ರಿಪೇರಿ ಮಾಡಿಸಿಲ್ಲ, ಕಿಟಕಿ ಇಳಿಸಿಕೊಳ್ಳಿ ಎಂದಿದ್ದಾರೆ. ಮುನಿಕೃಷ್ಣ ಈಗ ತಾವು ಹರಾಜಿನಲ್ಲಿ ಕೊಳ್ಳುವ ಗಾಡಿಗಳನ್ನೂ ಮುಕ್ತಿಯಾರ್‌ಗೆ ತೋರಿಸುತ್ತಾರೆ. ಹಿಂದಿನ ದಿನವೇ ತಂದು ನಿಲ್ಲಿಸುತ್ತಾರೆ, ಫೀಸಿನಲ್ಲಿ ಮಾತ್ರ ಇಂದಿಗೂ ನೂರು ರೂಪಾಯಿ ಚೌಕಾಸಿ.

ಗ್ಯಾರೇಜಿನಲ್ಲಿ ಮಾತನಾಡುವಾಗಲೂ ಮುಕ್ತಿಯಾರ್ ಎರಡು ಸಲ ಎದ್ದು ರಸ್ತೆಗೆ ಹೋಗಿ ಬರುತ್ತಾರೆ. ಸೈಲೆನ್ಸರ್ ತೂತಾದ ಟೆಂಪೋ ಒಂದು, ಬೆಲ್ಟು ಕಿರುಗುಟ್ಟುವ ಕಾರು ಒಂದು. ಅವರ ಹೆಂಡತಿ ಬಿಸ್ಮಿಲ್ಲಾ ಮದುವೆಯಾದ ಮೇಲೆ ಒಂದು ಸಲವೂ ಗಂಡನ ಜೊತೆ ನೆಮ್ಮದಿಯಾಗಿ ಬಸ್ಸಿನಲ್ಲಿ ಹೋಗಿಲ್ಲವಂತೆ. ಹತ್ತು ಕಿಲೋಮೀಟರಿಗೊಮ್ಮೆ ಎದ್ದು ಡ್ರೈವರಿಗೆ ಏನಾದರೂ ಹೇಳಲು ಹೋಗುತ್ತಾರೆ. ಗ್ಯಾರೇಜು ದೊಡ್ಡದು ಮಾಡುವ ಆಸೆ ಇದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಹೊಸ ಸಾಮಾನು, ಹೊಸ ಸ್ಕೂಟರು? ಅದೂ ಬೇಡ. ಕೈಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾರೆ.

"ಒಂದ್ ದಿನ ಮೈಸೂರ್ಗೆ ಹೋಗ್ಬೇಕು. ಹಳೇ ಗಾಡೀಲೇ ಆಗ್ಲಿ, ನಾನೇ ಮಾಡಿರೋ ಗಾಡಿ. ಬ್ಯಾರೆಯೋರು ಓಡಿಸ್ಬೇಕು. ನಾನು ಹಿಂದ್ಗಡೆ ಸೀಟಲ್ಲಿ ಕಾಲ್ ಚಾಚ್ಕೊಂಡು ಮಲೀಕ್ಕಬೇಕು. ಮೈಸೂರ್ ಬಂದ್ಮ್ಯಾಲೆ ಎಬ್ಬಿಸ್ಬೇಕು. ಅಲ್ಲೀಗಂಟ ಏನ್ ಸದ್ ಬಂದ್ರೂ ಅದು ನಂದಲ್ಲ."